ಹಾಲು ಕರೆಯುವ ಹೊತ್ತಿಗೆ ಜಾಜ್

ಸಂಗೀತಕ್ಕೆ ದೇಶವಿಲ್ಲ, ಭಾಷೆಯಿಲ್ಲ, ಗಡಿಯಿಲ್ಲ; ಅದು ಹೃದಯದಿಂದ ಹೃದಯಕ್ಕೆ ನೇರವಾಗಿ ಹೋಗುತ್ತದೆ ಎಂದು ತಿಳಿದವರು ಹೇಳುತ್ತಾರೆ. ನಾನೂ ಒಪ್ಪುತ್ತೇನೆ. ಆದರೆ ಹಾಗೆ ಹೇಳಿದವರಲ್ಲಿ ಒಬ್ಬರೂ ಪಾಂಡವಪುರದಲ್ಲಿ ಸಾಯಂಕಾಲ ಹಾಲು ಕರೆಯುವ ಹೊತ್ತಿಗೆ ಕಛೇರಿ ಇಟ್ಟುಕೊಂಡವರಲ್ಲ.

ಈ ವಿಚಾರ ಈಗ ನೆನಪಾದದ್ದು ಒಂದು ಪೊರಕೆಯಿಂದ. ಪೊರಕೆ ಎಂದರೆ ನೀವು ತಿಳಿದುಕೊಂಡ ಪೊರಕೆಯಲ್ಲ. ಗೇಣುದ್ದದ ರಬ್ಬರ್ ಹಿಡಿ, ಅದರ ತುದಿಯಿಂದ ಬೀಸಣಿಗೆಯ ಹಾಗೆ ಹರಡಿಕೊಳ್ಳುವ ಸಣ್ಣ ತಂತಿಗಳು. ನಮ್ಮ ಮನೆಯಲ್ಲಿ ಅದು ತುರಿಮಣೆಯ ಹಲ್ಲುಗಳ ನಡುವೆ ಸಿಕ್ಕಿಕೊಂಡ ಕಾಯಿತುರಿಯನ್ನು ತೆಗೆಯುವ ಕೆಲಸದಲ್ಲಿದೆ. ಮೊನ್ನೆ ಹಬ್ಬಕ್ಕೆ ಬಂದಿದ್ದ ಹೊಸ ಅಳಿಯ ಅಡಿಗೆಮನೆಯ ಗೋಡೆಯ ಮೊಳೆಗೆ ನೇತುಬಿದ್ದಿದ್ದ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದೇನತ್ತೆ?" ಎಂದು ಕೇಳಿದ. ನನ್ನ ಹೆಂಡತಿ ತಲೆ ಎತ್ತದೆ, "ಅದು ಜಾಜು," ಎಂದು ಹೇಳಿ ಕಾಯಿ ತುರಿಯುವುದನ್ನು ಮುಂದುವರಿಸಿದಳು. ಅಳಿಯ ಮರ್ಯಾದಸ್ಥ. ಇನ್ನೇನೂ ಕೇಳಲಿಲ್ಲ. ಆದ್ದರಿಂದ ನಿಮಗೆ ಹೇಳುತ್ತಿದ್ದೇನೆ.

ತೊಂಬತ್ತರ ದಶಕದ ನಡುವಿನ ಮಾತು. ನಾನು ಪಾಂಡವಪುರದ ಕಾಲೇಜಿನಲ್ಲಿ ಇತಿಹಾಸದ ಮೇಷ್ಟ್ರು. ನಮ್ಮ ಪ್ರಿನ್ಸಿಪಾಲರು ಜವರೇಗೌಡರು. ಕಾಲೇಜಿಗೊಂದು ಸಭಾಂಗಣ ಬೇಕೆಂದು ಹಟ ತೊಟ್ಟು, ಸುತ್ತಲ ಊರುಗಳನ್ನು ಸೈಕಲ್ಲಿನಲ್ಲಿ ಸುತ್ತಿ, ಒಂದೂರಿನವರಿಂದ ಕಲ್ಲು, ಇನ್ನೊಂದೂರಿನವರಿಂದ ಮರಳು, ಏನೂ ಇಲ್ಲದ ಊರಿನವರಿಂದ ಬರೀ ಮೈಕೆಲಸ ಎಂದು ಕಾಡಿ ಬೇಡಿ ಅದನ್ನು ಎಬ್ಬಿಸಿ ನಿಲ್ಲಿಸಿದವರು. ಅವರು ಕಟ್ಟಿಸಿದ್ದು ಸಂಗೀತಕ್ಕೆ. ಅಲ್ಲಿ ನಡೆದದ್ದು ಕಣ್ಣಿನ ಶಿಬಿರ, ಗೊಬ್ಬರದ ಪ್ರಾತ್ಯಕ್ಷಿಕೆ, ಪರೀಕ್ಷೆ, ಮತ್ತು ಪರೀಕ್ಷೆಯಲ್ಲಿ ನಕಲು ಹೊಡೆದವರ ವಿಚಾರಣೆ.

ಜವರೇಗೌಡರಿಗೆ ಇದ್ದದ್ದು ಒಂದೇ ಆಸೆ. ಮೈಸೂರಿನಲ್ಲಿ ಓದುತ್ತಿದ್ದಾಗ ಪ್ರತಿ ರಾಮನವಮಿಗೆ ಒಬ್ಬ ವೈಣಿಕರ ಕಛೇರಿಯನ್ನು ಅವರು ಪೆಂಡಾಲಿನ ತಗಡಿನ ಮರೆಗೆ ಕಿವಿ ಕೊಟ್ಟು ಹೊರಗೆ ನಿಂತು ಕೇಳಿದ್ದರಂತೆ. ಒಳಗೆ ಕೂತಿದ್ದವರ ಶಲ್ಯಗಳನ್ನು ಕಂಡು ಒಳಕ್ಕೆ ಕಾಲಿಡುವ ಧೈರ್ಯವಾಗಿರಲಿಲ್ಲ. "ಕೇಳಿದ್ದೀನಿ ಕಣ್ರೀ, ನೋಡಿಲ್ಲ," ಎಂದು ನನಗೆ ಆಗಾಗ ಹೇಳುತ್ತಿದ್ದರು. ಆ ವೈಣಿಕರಿಗೆ ಈಗ ವಯಸ್ಸಾಗಿತ್ತು. ಜವರೇಗೌಡರಿಗೆ ಬೇಸಿಗೆಗೆ ನಿವೃತ್ತಿ. ಅಷ್ಟರೊಳಗೆ ಆ ವೈಣಿಕರು ತಾವು ಕಟ್ಟಿಸಿದ ವೇದಿಕೆಯ ಮೇಲೆ ಕೂರಬೇಕು, ತಾವು ಮೊದಲ ಸಾಲಿನಲ್ಲಿ ಕೂತು ಆ ಬೆರಳುಗಳನ್ನು ನೋಡಬೇಕು. ಇಷ್ಟೇ.

ಆ ವರ್ಷ ವಿಶ್ವವಿದ್ಯಾಲಯದವರು ತಾಲ್ಲೂಕುಗಳಿಗೂ ಸಂಗೀತದ ರುಚಿ ಹತ್ತಿಸಬೇಕೆಂದು ಒಂದು ಕಛೇರಿ ಮಾಲೆ ಹಾಕಿಕೊಂಡಿದ್ದರು. ಮಾಲೆಯ ಕೊನೆಯಲ್ಲಿ ಅದೇ ವೈಣಿಕರು. ಅದಕ್ಕೆ ಮುಂಚೆ ಯುರೋಪಿನಿಂದ ಬರುವ ಒಂದು ತಂಡದ ಜಾಜ್. ವೀಣೆ ಯಾರಿಗೆ ಬೇಕು ಎಂದಾಗ ಎಲ್ಲ ಕಾಲೇಜಿನವರೂ ಕೈ ಎತ್ತಿದರು. ಜಾಜ್ ಯಾರಿಗೆ ಬೇಕು ಎಂದಾಗ ಕೆ.ಆರ್. ಪೇಟೆಯವರಿಗೆ ಪರೀಕ್ಷೆ ಇತ್ತು. ನಾಗಮಂಗಲದವರು ಹಾಲ್‌ಗೆ ಸುಣ್ಣ ಹೊಡೆಸುತ್ತಿದ್ದರು. ಶ್ರೀರಂಗಪಟ್ಟಣದವರು ತಮ್ಮೂರಿನಲ್ಲಿ ವಿದೇಶೀಯರನ್ನು ದಿನವೂ ನೋಡಿ ಜನಕ್ಕೆ ಸಾಕಾಗಿದೆ ಎಂದರು. ಮಾಲೆಯ ಹೊಣೆ ಹೊತ್ತಿದ್ದ ಸಂಚಾಲಕರು ಜೀಪಿನಲ್ಲಿ ನಮ್ಮ ಕಾಲೇಜಿಗೆ ಬಂದು ಜವರೇಗೌಡರ ಎದುರು ಕೂತು, ಕಾಫಿ ಕುಡಿದು, ಒಪ್ಪಂದ ಮುಂದಿಟ್ಟರು. ಜಾಜ್ ನೀವು ತೆಗೆದುಕೊಳ್ಳಿ. ಜನ ಕೊನೆಯವರೆಗೂ ಕೂತರೆ ವೀಣೆಯೂ ನಿಮಗೇ. "ಜನ ಬರೋದಲ್ಲ ಸಾರ್ ಮುಖ್ಯ," ಎಂದರು, "ಕೂರೋದು." ಹಿಂದಿನ ಕಛೇರಿಯೊಂದರಲ್ಲಿ ಉಪ್ಪಿಟ್ಟು ಕೊಟ್ಟ ಮೇಲೆ ವೇದಿಕೆಯ ಮೇಲಿದ್ದವರೇ ಕೆಳಗಿದ್ದವರಿಗಿಂತ ಹೆಚ್ಚಾಗಿದ್ದರೆಂಬುದು ಅವರ ಮನಸ್ಸಿನಲ್ಲಿತ್ತು.

ವ್ಯವಸ್ಥೆಯ ಭಾರ ನನ್ನ ತಲೆಗೆ ಬಂತು. ಕಾರಣ, ಕಾಲೇಜಿನಲ್ಲಿ ಜಾಜ್ ಕೇಳಿದ್ದವನು ನಾನೊಬ್ಬನೇ. ಟ್ರಾನ್ಸಿಸ್ಟರಿನಲ್ಲಿ ಕ್ರಿಕೆಟ್ ಕಾಮೆಂಟರಿ ಹುಡುಕುವಾಗ ಮುಳ್ಳು ಜಾರಿ ಅದು ಒಮ್ಮೆ ಬಂದಿತ್ತು. ಬ್ಯಾಟರಿ ಮುಗಿದಿರಬೇಕೆಂದುಕೊಂಡು ನಾನು ಟ್ರಾನ್ಸಿಸ್ಟರಿನ ಬೆನ್ನಿಗೆ ಎರಡು ಬಾರಿಸಿದ್ದೆ. ಈ ಅನುಭವವನ್ನು ಸ್ಟಾಫ್ ರೂಮಿನಲ್ಲಿ ಯಾವಾಗಲೋ ಹಂಚಿಕೊಂಡಿದ್ದೆ. ಸರ್ಕಾರಿ ಕೆಲಸದಲ್ಲಿ ತಜ್ಞರು ಹುಟ್ಟುವುದು ಹೀಗೆಯೇ.

ಹುಡುಗರನ್ನು ನಂಬುವ ಹಾಗಿರಲಿಲ್ಲ. ಅವರು ಬರುತ್ತಾರೆ, ಬಾಗಿಲಲ್ಲಿ ನಿಲ್ಲುತ್ತಾರೆ, ಹುಡುಗಿಯರು ಹೋದೊಡನೆ ಹೋಗುತ್ತಾರೆ. ಕೂರುವುದನ್ನೇ ಒಂದು ವಿದ್ಯೆಯಾಗಿ ಸಾಧಿಸಿಕೊಂಡವರು ಬೇಕಿತ್ತು. ಆ ವಿದ್ಯೆಯಲ್ಲಿ ಕ್ಯಾತನಹಳ್ಳಿಯವರನ್ನು ಮೀರಿಸಿದವರು ನಮ್ಮ ಸೀಮೆಯಲ್ಲಿಲ್ಲ. ಪೌರಾಣಿಕ ನಾಟಕವೆಂದರೆ ಅವರು ಚಾಪೆ ಹಾಸಿ ಕೂತರೆ ಮಂಗಳಾರತಿಯವರೆಗೆ ಏಳುವವರಲ್ಲ.

ಅಲ್ಲಿನ ಮರೀಗೌಡರನ್ನು ಹೋಗಿ ಕಂಡೆ. ಮರೀಗೌಡರು ಊರಿನ ಹಾಲಿನ ಡೈರಿಯ ಕಾರ್ಯದರ್ಶಿ, ಊರಿನ ನಾಟಕಗಳಿಗೆಲ್ಲ ಖಾಯಂ ಚಕ್ರವರ್ತಿ. ಮೀಸೆ ಎರಡು ಹುದ್ದೆಗೂ ಒಪ್ಪುವಂಥದ್ದು. ಕ್ಯಾನಿನ ಮುಚ್ಚಳ ತೆಗೆ ಎಂದು ಅವರು ಹೇಳಿದರೆ ಯುದ್ಧ ಸಾರಿದ ಹಾಗೆ ಕೇಳುತ್ತಿತ್ತು. ಜಾಜ್ ಎಂದರೇನು ಎಂದು ಕೇಳಿದರು. ನಾನು ಬಹಳ ಯೋಚಿಸಿ, ಒಂಥರಾ ಫಾರಿನ್ ಬ್ಯಾಂಡ್‌ಸೆಟ್ಟು ಎಂದೆ.

"ಮದ್ವೆಗಾ ಮೇಷ್ಟ್ರೇ?"

ಮದುವೆ ಇಲ್ಲ, ಬರೀ ಬ್ಯಾಂಡ್‌ಸೆಟ್ಟು ಎಂದೆ.

"ಮದ್ವೆ ಇಲ್ದೇನೆ ಬಾರ್ಸ್ತಾರಾ? ಪಾಪ," ಎಂದು ಮರೀಗೌಡರು ಕನಿಕರಪಟ್ಟು, ಕಬ್ಬು ಸಾಗಿಸುವ ಟ್ರಾಕ್ಟರುಗಳಲ್ಲಿ ಜನ ತುಂಬಿಕೊಂಡು ಬರುವುದಾಗಿ ಮಾತು ಕೊಟ್ಟರು. ಒಂದೇ ಷರತ್ತು. ಐದು ಗಂಟೆಗೆ ಎಲ್ಲರೂ ಹೊರಡಬೇಕು, ಹಾಲು ಕರೆಯಬೇಕು, ಆರಕ್ಕೆ ಡೈರಿ ತೆಗೆಯಬೇಕು. ಮೂರಕ್ಕೆ ಶುರುಮಾಡಿದರೆ ಐದಕ್ಕೆ ಮುಗಿಯುತ್ತದೆ ಎಂದು ನಾನು ಧೈರ್ಯ ಹೇಳಿದೆ. ಸ್ವಾಗತ ಭಾಷಣವೆಂಬ ಪದ್ಧತಿ ನಮ್ಮಲ್ಲಿದೆ ಎಂಬುದು ಆ ಗಳಿಗೆಯಲ್ಲಿ ನನಗೆ ಮರೆತುಹೋಗಿತ್ತು.

ಇಲ್ಲಿ ಒಂದು ವಿಷಯ ಹೇಳಬೇಕು. ನಮ್ಮ ಕಡೆ ನಾಟಕದಲ್ಲಿ ಒಂದು ಹಾಡು ಹಿಡಿಸಿದರೆ ಜನ ಚಪ್ಪಾಳೆ ತಟ್ಟಿ ಸುಮ್ಮನಾಗುವುದಿಲ್ಲ. "ಒನ್ಸ್ ಮೋರ್" ಎಂದು ಕೂಗುತ್ತಾರೆ. ಕೂಗಿದರೆ ಪಾತ್ರಧಾರಿ ಮತ್ತೆ ಹಾಡಲೇಬೇಕು. ನಾನು ಹುಟ್ಟಿ ಬೆಳೆದದ್ದು ಹೊಣಕೆರೆಯ ಮಗ್ಗುಲಿನ ಹಳ್ಳಿಯಲ್ಲಿ. ನನ್ನ ಸೋದರಮಾವ ಸೇನಾಪತಿಯ ಪಾತ್ರ ಮಾಡುತ್ತಿದ್ದ. ಬಾಣ ತಗುಲಿ, ಹಾಡಿ, ಸಾಯುವುದು ಅವನ ಕೆಲಸ. ಮಗ ಸತ್ತು ಬಿದ್ದದ್ದನ್ನು ನೋಡಲಾರದೆ ಮುಂದೆ ಕೂತ ನಮ್ಮಜ್ಜಿಯೇ ಒನ್ಸ್ ಮೋರ್ ಎಂದು ಕೂಗುವಳು. ಮಾವ ಎದ್ದು ಮೈ ಧೂಳು ಕೊಡವಿಕೊಂಡು ಹಾಡುವನು. ಹಾಡಿದ ಮೇಲೆ ಸಾಯದೆ ವಿಧಿಯಿಲ್ಲ. ಅಜ್ಜಿ ಮತ್ತೆ ಕೂಗುವಳು. ಸೇನಾಪತಿ ಸಾಯದೆ ಯುದ್ಧ ಮುಗಿಯುವಂತಿಲ್ಲ, ಯುದ್ಧ ಮುಗಿಯದೆ ಎದುರು ಪಕ್ಷದ ರಾಜ ಬೀಡಿ ಸೇದಲು ಹೋಗುವಂತಿಲ್ಲ. ಕೊನೆಗೆ ಆ ರಾಜನೇ ಬಂದು ಅಜ್ಜಿಗೆ ಕೈಮುಗಿದ, "ಸಾಯಾಕ್ ಬುಡವ್ವ," ಎಂದು.

ಆದರೆ ಒನ್ಸ್ ಮೋರ್‌ಗೆ ಕಟ್ಟುನಿಟ್ಟಾದ ನಿಯಮವೊಂದಿದೆ. ಮೊದಲು ಹಾಡಿದ ಹಾಗೆಯೇ ಹಾಡಬೇಕು. ಒಂದು ಎಳೆ ಆಚೀಚೆಯಾದರೂ "ಪಾಠ ಆಗಿಲ್ಲ" ಎಂದು ತೀರ್ಪು ಬೀಳುತ್ತದೆ. ಪಾಠ ಆಗಿಲ್ಲ ಎಂದರೆ ಬಾಯಿಪಾಠ ಸಾಲದು, ತಾಲೀಮು ಸಾಲದು, ಬಣ್ಣ ಹಚ್ಚಿಕೊಳ್ಳುವ ಯೋಗ್ಯತೆ ಇನ್ನೂ ಬಂದಿಲ್ಲ ಎಂದು. ಇದಕ್ಕಿಂತ ಕೆಟ್ಟ ಮಾತನ್ನು ಒಬ್ಬ ಕಲಾವಿದನಿಗೆ ನಮ್ಮವರು ಹೇಳುವುದಿಲ್ಲ.

ಆ ದಿನ ಬಂತು. ಟ್ರಾಕ್ಟರುಗಳೂ ಬಂದವು. ಕ್ಯಾತನಹಳ್ಳಿಯವರು ತಲೆಯಲ್ಲಿ ಸಿಕ್ಕಿಕೊಂಡಿದ್ದ ಕಬ್ಬಿನ ಸೋಗೆಯನ್ನು ಕೊಡವಿಕೊಂಡು, ಕುರ್ಚಿಗಳನ್ನು ಗೋಡೆಗೆ ಸರಿಸಿ, ಜಮಖಾನದ ಮೇಲೆ ಕೂತರು. ದಾರಿಯಲ್ಲಿ ತೊಣ್ಣೂರಿನವರೂ ಒಂದಷ್ಟು ಜನ ಹತ್ತಿಕೊಂಡಿದ್ದರು. ಹಾಲ್ ತುಂಬಿತು. ಸಂಚಾಲಕರು ಹಿಂದಿನ ಬಾಗಿಲ ಹತ್ತಿರ ಕುರ್ಚಿ ಹಾಕಿಸಿಕೊಂಡು, ಯಾರು ಏಳುತ್ತಾರೆ ನೋಡೋಣ ಎನ್ನುವಂತೆ ಕೂತರು. ಸ್ವಾಗತ, ಪ್ರಾಸ್ತಾವಿಕ, ಉದ್ಘಾಟನೆ, ಅಧ್ಯಕ್ಷರ ನುಡಿ ಎಲ್ಲ ಮುಗಿದು ಸಂಗೀತಕ್ಕೆ ಎಡೆ ಸಿಕ್ಕಿದಾಗ ನಾಲ್ಕೂವರೆ.

ತಂಡದಲ್ಲಿ ನಾಲ್ವರು. ನಾಯಕ ಹೆನ್ರಿಕ್ ಎಂಬ ಬಡಕಲು ಮನುಷ್ಯ ಸ್ಯಾಕ್ಸೋಫೋನ್ ನುಡಿಸುತ್ತಿದ್ದ. ಒಬ್ಬ ಕೀಬೋರ್ಡಿಗೆ, ಒಬ್ಬ ಆಳೆತ್ತರದ ಪಿಟೀಲಿಗೆ. ಆ ಪಿಟೀಲನ್ನು ನೋಡಿ ನನ್ನ ಪಕ್ಕದಲ್ಲಿದ್ದವರು, ಇದಕ್ಕೆ ದಿನಾ ಮುದ್ದೆ ಹಾಕಿ ಸಾಕಿರಬೇಕು ಎಂದು ಅಭಿಪ್ರಾಯಪಟ್ಟರು. ಡ್ರಮ್ಮಿಗೆ ಒಬ್ಬಳು ಹೆಂಗಸು. ಅವಳು ಕೋಲು ಬದಿಗಿಟ್ಟು ತಂತಿಯ ಪೊರಕೆಗಳನ್ನು ತೆಗೆದುಕೊಂಡು ಡ್ರಮ್ಮಿನ ಮೇಲೆ ಸರ್ ಸರ್ ಎಂದು ಎಳೆಯತೊಡಗಿದಾಗ ಹೆಂಗಸರ ಕಡೆ ಗುಜುಗುಜು ಎದ್ದಿತು. ಮರೀಗೌಡರ ಹೆಂಡತಿ ಚಿಕ್ಕತಾಯಮ್ಮನವರು ಅದಕ್ಕೊಂದು ವ್ಯಾಖ್ಯಾನ ಕೊಟ್ಟರು:

"ನೋಡ್ರವ್ವ, ಯಾವ್ ದೇಸುಕ್ ಓದ್ರೂ ಗುಡ್ಸೋ ಕೆಲ್ಸ ಎಂಗುಸ್ರುದ್ದೇಯ."

ಮೊದಲನೆಯದು ಹೇಗೋ ಕಳೆಯಿತು. ಎರಡನೆಯದರ ನಡುವೆ ಉಳಿದವರೆಲ್ಲ ದನಿ ತಗ್ಗಿಸಿದರು, ಹೆನ್ರಿಕ್ ಒಬ್ಬನೇ ಮುಂದೆ ಬಂದ. ಕಣ್ಣು ಮುಚ್ಚಿ ನುಡಿಸಿದ. ಆ ನಾದವನ್ನು ವರ್ಣಿಸುವ ಶಕ್ತಿ ನನಗಿಲ್ಲ. ನನ್ನ ಅರ್ಹತೆಯನ್ನು ಮೊದಲೇ ಹೇಳಿದ್ದೇನೆ. ಆದರೆ ಸಂತೆ ಮುಗಿಸಿಕೊಂಡು ಒಬ್ಬನೇ ಬಯಲಿನಲ್ಲಿ ನಡೆದು ಬರುವವನು ಯಾರೂ ಕೇಳುವುದಿಲ್ಲವೆಂದು ತನಗೆ ತಾನೇ ಏನೋ ಹೇಳಿಕೊಳ್ಳುತ್ತಾನಲ್ಲ, ಹಾಗಿತ್ತು. ಫ್ಯಾನುಗಳ ಕಿರಿಕಿರಿ ಕೂಡ ಕೇಳಿಸದೆ ಹೋಯಿತು. ಮುಗಿದಾಗ ಮರೀಗೌಡರು ಎದ್ದು ನಿಂತು ಕೈ ಮೇಲೆತ್ತಿ "ಒನ್ಸ್ ಮೋರ್" ಎಂದರು. ಹಾಲ್‌ಗೆ ಹಾಲೇ "ಒನ್ಸ್ ಮೋರ್" ಎಂದಿತು.

ಹೆನ್ರಿಕ್‌ನ ಮುಖ ಅರಳಿತು. ಜವರೇಗೌಡರು ನನ್ನ ಕಿವಿಯಲ್ಲಿ, ಇದೇನು ಇವರು ಬಯಲಾಟದ ಹಾಗೆ ಕೂಗುತ್ತಾರೆ, ಸಂಚಾಲಕರು ಏನೆಂದುಕೊಂಡಾರು ಎಂದು ಮುಜುಗರಪಟ್ಟರು. ಹೆನ್ರಿಕ್ ಮತ್ತೆ ನುಡಿಸಿದ. ಈ ಸಲ ಅದು ಬೇರೆಯಾಗಿತ್ತು. ಬಯಲಿನಲ್ಲಿ ನಡೆಯುತ್ತಿದ್ದವನು ಈಗ ಸೈಕಲ್ ಹತ್ತಿದ್ದ.

ಚಪ್ಪಾಳೆ ಬರಲಿಲ್ಲ. ಮರೀಗೌಡರು ನಿಂತೇ ಇದ್ದರು.

"ಮೇಷ್ಟ್ರೇ, ಇದಲ್ಲ. ಆಗ್ಲೇ ಒಂದ್ ಬಾರ್ಸುದ್ನಲ್ಲ, ಅದು. ವಸಿ ಯೋಳಿ ಅವ್ರಿಗೆ."

ನಾನು ವೇದಿಕೆ ಹತ್ತಿ ಹೆನ್ರಿಕ್‌ಗೆ ವಿಷಯ ತಿಳಿಸಿದೆ. ಅವನು ಬಹಳ ಪ್ರೀತಿಯಿಂದ, ಅದನ್ನು ಮತ್ತೆ ನುಡಿಸಲಾಗುವುದಿಲ್ಲ, ಅದು ಆ ಹೊತ್ತಿಗೆ ಹುಟ್ಟಿದ್ದು, ಈಗ ಅದು ಹೋಯಿತು ಎಂದ. ಹೋದದ್ದು ತಿರುಗಿ ಬರುವುದಿಲ್ಲ ಎಂಬುದರ ಮೇಲೆಯೇ ಇತಿಹಾಸದ ಮೇಷ್ಟ್ರುಗಳ ಸಂಬಳ ನಿಂತಿರುವುದರಿಂದ ನನಗೆ ಅವನ ಮಾತು ತಕ್ಷಣ ಅರ್ಥವಾಯಿತು. ತಿರುಗಿ ನಿಂತು, ಅದು ಹೋಯಿತಂತೆ ಎಂದೆ.

"ಎಲ್ಗೋಯ್ತು?" ಎಂದರು ಮರೀಗೌಡರು. "ಈಗ್ತಾನೆ ಇತ್ತಲ್ಲ."

ನಾನು ವಿವರಿಸಲು ನೋಡಿದೆ. ಇವರದು ಬರೆದುಕೊಂಡು ನುಡಿಸುವ ಪದ್ಧತಿಯಲ್ಲ, ಮನಸ್ಸಿಗೆ ಬಂದ ಹಾಗೆ ಎಂದೆ. ಮನಸ್ಸಿಗೆ ಬಂದ ಹಾಗೆ ಎಂಬ ಮಾತು ನಮ್ಮಲ್ಲಿ ಹೊಗಳಿಕೆಗೆ ಬಳಸುವಂಥದ್ದಲ್ಲ ಎಂಬುದು ಬಾಯಿಂದ ಬಿದ್ದ ಮೇಲೆ ಹೊಳೆಯಿತು. ಮರೀಗೌಡರು ದುಃಖದಿಂದಲೇ, ತಮ್ಮ ಜನಕ್ಕೆ ಕೇಳಿಸುವಷ್ಟು ಗಟ್ಟಿಯಾಗಿ, ತೀರ್ಪು ಕೊಟ್ಟರು:

"ಪಾಠ ಆಗಿಲ್ಲ ಕಣ್ರಲಾ."

ಇದೇ ಸಮಯಕ್ಕೆ ಐದು ಗಂಟೆಯಾಯಿತು. ಹಾಲು ಕರೆಯುವ ಹೊತ್ತು ಎಂಬುದು ಎಂಥ ಸಭೆಯಿಂದಲೂ ಮರ್ಯಾದೆಗೆಡದೆ ಎದ್ದುಹೋಗಲು ನಮ್ಮ ಕಡೆ ಇರುವ ಅತ್ಯುತ್ತಮ ಕಾರಣ. ಹಿಂದಿನ ಸಾಲಿನವರು ಎದ್ದರು. ಹೆಂಗಸರು ಸೆರಗು ಸರಿಪಡಿಸಿಕೊಂಡರು. ಹೊರಗೆ ಯಾರೋ ಟ್ರಾಕ್ಟರು ಸ್ಟಾರ್ಟ್ ಮಾಡಿದರು. ಸಂಚಾಲಕರು ಕಾಲ ಮೇಲೆ ಕಾಲು ಹಾಕಿಕೊಂಡು ನನ್ನ ಕಡೆ ನೋಡಿ, ನಾನು ಹೇಳಲಿಲ್ಲವೆ ಎನ್ನುವಂತೆ ಹುಬ್ಬು ಹಾರಿಸಿದರು. ನಾನು ಜವರೇಗೌಡರ ಕಡೆ ನೋಡಿದೆ. ಊರೂರು ಸುತ್ತಿ ಕಲ್ಲು ಕೇಳಿದ್ದ ಆ ಮನುಷ್ಯ ಈಗ ಯಾರನ್ನೂ ಏನನ್ನೂ ಕೇಳಲಿಲ್ಲ. ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸುತ್ತಾ ಕೂತಿದ್ದರು. ಒರೆಸಿದ್ದನ್ನೇ ಒರೆಸುತ್ತಿದ್ದರು.

ಮರೀಗೌಡರು ಬಾಗಿಲವರೆಗೆ ಹೋಗಿ ಚಪ್ಪಲಿಗೆ ಕಾಲಿಡುವಾಗ ಒಮ್ಮೆ ತಿರುಗಿ ನೋಡಿದರು. ಹೆನ್ರಿಕ್ ವೇದಿಕೆಯ ನಡುವೆ ಸ್ಯಾಕ್ಸೋಫೋನ್ ಇಳಿಬಿಟ್ಟುಕೊಂಡು ನಿಂತಿದ್ದ. ನಗು ಅರ್ಧಕ್ಕೆ ಸಿಕ್ಕಿಹಾಕಿಕೊಂಡಿತ್ತು. ಆ ಮುಖವನ್ನು ಮರೀಗೌಡರು ಬಲ್ಲರು. ತೊಣ್ಣೂರಿನಲ್ಲಿ ಮೊದಲ ಸಲ ಬಣ್ಣ ಹಚ್ಚಿದಾಗ ಅವರಿಗೇ ಎರಡನೆಯ ಹಾಡು ಮರೆತುಹೋಗಿತ್ತಂತೆ. ಸಿಂಹಾಸನದ ಮುಂದೆ ಹಾಗೆಯೇ ನಿಂತಿದ್ದರಂತೆ. ಹಾರ್ಮೋನಿಯಂ ಮೇಷ್ಟ್ರು ತಾವೇ ಮೊದಲ ಸೊಲ್ಲು ಎತ್ತಿಕೊಟ್ಟು ಉಳಿಸಿದ್ದರಂತೆ. ಇದನ್ನು ಅವರು ಆಮೇಲೆ ನನಗೆ ಹೇಳಿದರು. ರಂಗದ ಮೇಲೆ ಮರೆತವನನ್ನು ಹಾಗೆಯೇ ಬಿಟ್ಟುಹೋಗುವುದು ನಾಟಕದವರಲ್ಲಿ ಇಲ್ಲ. ಅವನು ಎದುರು ಪಕ್ಷದ ರಾಜನಾದರೂ ಸರಿ, ಎತ್ತಿಕೊಡಲೇಬೇಕು.

ಚಪ್ಪಲಿ ಬಿಟ್ಟು, ಜನರ ನಡುವೆ ದಾರಿ ಮಾಡಿಕೊಂಡು, ಅವರು ವೇದಿಕೆ ಹತ್ತಿದರು. ಹೆನ್ರಿಕ್‌ನ ಭುಜದ ಮೇಲೆ ಕೈಯಿಟ್ಟರು.

"ಗಾಬ್ರಿ ಆಗ್ಬ್ಯಾಡಿ ಸ್ವಾಮಿ. ಎಲ್ರಿಗೂ ಆಯ್ತದೆ. ನಾನ್ ಎತ್ಕೊಡ್ತೀನಿ, ಇಡ್ಕಳಿ."

ಆಮೇಲೆ ಎದೆಯುಬ್ಬಿಸಿ ಹಾಡಿದರು. ಮೈಕು ಬೇಕಾಗಲಿಲ್ಲ. ಅವರು ಎತ್ತಿಕೊಟ್ಟದ್ದು ಹೆನ್ರಿಕ್ ನುಡಿಸಿದ್ದನ್ನೇ ಎಂದು ನಾನು ಪ್ರಮಾಣ ಮಾಡಿ ಹೇಳಲಾರೆ. ಮೊದಲ ಉಸಿರಿನಲ್ಲಿ ಅದರ ಛಾಯೆ ಇದ್ದದ್ದು ನಿಜ. ಎರಡನೆಯ ಉಸಿರಿನಲ್ಲಿ ಅದು ಚಕ್ರವರ್ತಿಯ ಒಡ್ಡೋಲಗದ ಹಾಡಿನ ಕಡೆ ವಾಲಿತು. ಮೂರನೆಯದರಲ್ಲಿ ಸಿಂಹಾಸನ ಏರಿ ಕೂತೇಬಿಟ್ಟಿತು. ಹೆನ್ರಿಕ್ ತಲೆ ವಾಲಿಸಿ ಕೇಳಿದ. ಅದನ್ನು ಸ್ಯಾಕ್ಸೋಫೋನಿನಲ್ಲಿ ಮೆಲ್ಲನೆ ಹಿಡಿದ. ಮುದ್ದೆ ತಿಂದ ಪಿಟೀಲು ಕೆಳಗಿನಿಂದ ಹೂಂಗುಟ್ಟಿತು. ಡ್ರಮ್ಮಿನವಳು ಗುಡಿಸಲು ಶುರುಮಾಡಿದಳು. ಎದ್ದವರು ಎದ್ದಲ್ಲೇ ನಿಂತರು.

"ಆಂ, ಅಂಗೆ. ಬತ್ತಾ ಐತೆ, ಬತ್ತಾ ಐತೆ," ಎಂದು ಮರೀಗೌಡರು ಹುರಿದುಂಬಿಸಿದರು. ಆದರೆ ಹೆನ್ರಿಕ್ ನಾಲ್ಕು ಹೆಜ್ಜೆ ನೆಟ್ಟಗೆ ನಡೆದು ಐದನೆಯದಕ್ಕೆ ಗದ್ದೆಯ ಬದುವಿಗೆ ಇಳಿದುಬಿಡುತ್ತಿದ್ದ. ಮರೀಗೌಡರು ತಡೆದು ಮತ್ತೆ ಎತ್ತಿಕೊಟ್ಟರು. ಅವನು ಮತ್ತೆ ಬೇರೆ ಕಡೆ ಹೋದ. ನಿಂತವರಲ್ಲಿ ಒಬ್ಬರು, ಈಗ ಕಲಿತಾನು ನೋಡು ಎಂದು ಕೂತರು. ಇನ್ನೊಬ್ಬರು, ಇವನ ಕೈಲಾಗಲ್ಲ ಬುಡು ಎಂದು ವಾದಿಸಲು ಅವರ ಪಕ್ಕ ಕೂತರು. ಟ್ರಾಕ್ಟರು ಆಫ್ ಆಯಿತು. ಆಗ ಮರೀಗೌಡರು ವೇದಿಕೆಯ ಅಂಚಿಗೆ ಬಂದು, ಯಾವ ಚಕ್ರವರ್ತಿಯೂ ಹೊರಡಿಸದ ಆಜ್ಞೆಯೊಂದನ್ನು ಹೊರಡಿಸಿದರು.

"ಇವತ್ತು ಡೈರಿ ಏಳಕ್ಕೆ. ಎಲ್ಲಾ ಕೂತ್ಕಳಿ."

ಹೆಂಗಸರ ಕಡೆಯಿಂದ ಚಿಕ್ಕತಾಯಮ್ಮನವರು, "ಡೈರಿ ನೀವ್ ಏಳುಕ್ಕಾದ್ರೂ ತಗೀರಿ, ಎಂಟುಕ್ಕಾದ್ರೂ ತಗೀರಿ. ಎಮ್ಮೆಗ್ ಯೋಳಿದ್ದೀರಾ?" ಎಂದರು. ಸಭೆಯೆಲ್ಲ ನಕ್ಕಿತು. ಡ್ರಮ್ಮಿನವಳು ಅರ್ಥವಾಗದೆಯೂ ನಕ್ಕಳು. ಚಿಕ್ಕತಾಯಮ್ಮನವರು ಎಮ್ಮೆಯ ಪರವಾಗಿ ಇನ್ನೇನೂ ಹೇಳದೆ, ಸೆರಗು ಹೊದ್ದು ಕೂತರು.

ಆ ಮೇಲಿನ ಕಛೇರಿಯನ್ನು ಕಛೇರಿ ಎನ್ನಬೇಕೋ, ತಾಲೀಮು ಎನ್ನಬೇಕೋ ತಿಳಿಯದು. ಜನ ಒನ್ಸ್ ಮೋರ್ ಎನ್ನುತ್ತಾ ಹೋದರು, ಈಗಲಾದರೂ ಸರಿಯಾಗಿ ಬರಲಿ ಎಂಬ ಸದಾಶಯದಿಂದ. ಹೆನ್ರಿಕ್ ನುಡಿಸುತ್ತಾ ಹೋದ, ಇಷ್ಟು ಪ್ರೀತಿ ತನಗೆ ಎಲ್ಲೂ ಸಿಕ್ಕಿಲ್ಲವೆಂಬ ಕೃತಜ್ಞತೆಯಿಂದ. ಪ್ರತಿ ಸಲವೂ ತಪ್ಪಿದ. ಪ್ರತಿ ಸಲವೂ ಹಿಂದಿನದಕ್ಕಿಂತ ಚೆನ್ನಾಗಿ ತಪ್ಪಿದ. ಅವನು ಕಲಿಯುತ್ತಾನೋ ಇಲ್ಲವೋ ಎಂದು ತಿಳಿಯದೆ ಏಳುವುದು ಯಾರಿಂದಲೂ ಆಗಲಿಲ್ಲ. ಸಂಚಾಲಕರೇ ಕೊನೆಗೆ ಮೈಸೂರಿನ ದಾರಿ ನೆನಪಿಸಿಕೊಂಡು ಮುಗಿಸಿ ಎಂದು ಸನ್ನೆ ಮಾಡಿದರು. ವಂದನಾರ್ಪಣೆಗೆ ನಾನು ಎದ್ದಾಗ ಇಡೀ ಹಾಲ್, ಇವನೊಬ್ಬ ಅಡ್ಡ ಬಂದ ಎನ್ನುವಂತೆ ನನ್ನನ್ನು ನೋಡಿತು.

ಹೊರಡುವಾಗ ಮರೀಗೌಡರು ಹೆನ್ರಿಕ್‌ನ ಎರಡೂ ಕೈ ಹಿಡಿದುಕೊಂಡು, "ಬ್ಯಾಸ್ರ ಮಾಡ್ಕಬ್ಯಾಡಿ, ಗಂಟ್ಲೈತೆ ನಿಮ್ಗೆ. ಇನ್ನೊಂದ್ ತಿಂಗ್ಳು ತಾಲೀಮಾದ್ರೆ ಪಾಠ ಆಯ್ತದೆ," ಎಂದರು. ನಾನು ಅದನ್ನು, ನಿಮ್ಮ ಸಂಗೀತ ಬಹಳ ಹಿಡಿಸಿತಂತೆ ಎಂದು ಅನುವಾದಿಸಿದೆ. ಹೆನ್ರಿಕ್, ತನ್ನ ಊರಿನಲ್ಲಿ ಜನ ಚಪ್ಪಾಳೆ ತಟ್ಟಿ ಕೋಟು ಹಾಕಿಕೊಂಡು ಮನೆಗೆ ಹೋಗಿಬಿಡುತ್ತಾರೆ, ಇಂಥ ಗುರುಗಳು ಅಲ್ಲಿ ಇಲ್ಲ ಎಂದ. ನಾನು ಅದನ್ನು ಇದ್ದ ಹಾಗೆಯೇ ಅನುವಾದಿಸಿದೆ. ಮರೀಗೌಡರು ಒಪ್ಪಿದರು.

ಡೈರಿ ಏಳಕ್ಕೆ ತೆರೆಯಿತು. ಹಾಲಿನ ಲಾರಿ ಅಷ್ಟು ಹೊತ್ತಿಗಾಗಲೇ ಬಂದು ಕಾದು ಹೋಗಿತ್ತು. ಮರುದಿನ ಕ್ಯಾತನಹಳ್ಳಿಯಲ್ಲಿ ಮನೆಮನೆಗೂ ಮೊಸರು. ಮರೀಗೌಡರು ಮೇಲಿನವರಿಗೆ ಏನು ಸಮಜಾಯಿಷಿ ಕೊಟ್ಟರೋ ನನಗೆ ಗೊತ್ತಿಲ್ಲ; ಮನೆಯಲ್ಲಿ ಕೊಟ್ಟದ್ದು ಸಾಲಲಿಲ್ಲವೆಂದು ಮಾತ್ರ ಕೇಳಿದೆ. ವೇದಿಕೆ ಗುಡಿಸುವಾಗ ಡ್ರಮ್ಮು ಇಟ್ಟಿದ್ದ ಜಾಗದಲ್ಲಿ ಒಂದು ತಂತಿ ಪೊರಕೆ ಸಿಕ್ಕಿತು. ಆ ತಂಡ ಮತ್ತೆ ಬಂದರೆ ಕೊಡೋಣವೆಂದು ಮನೆಗೆ ತಂದು ಜೋಪಾನವಾಗಿ ಇಟ್ಟೆ. ಜೋಪಾನ ಮಾಡುವ ವಸ್ತು ಕೆಲಸಕ್ಕೂ ಬರಬೇಕೆಂಬುದು ನನ್ನ ಹೆಂಡತಿಯ ಸಿದ್ಧಾಂತ.

ಫೆಬ್ರವರಿಯಲ್ಲಿ ವೀಣೆ ಕಛೇರಿ ಪಾಂಡವಪುರದಲ್ಲಿ ನಡೆಯಿತು. ಬೆಳಗ್ಗೆ ಇಟ್ಟುಕೊಂಡಿದ್ದೆವು, ಎಮ್ಮೆಗಳನ್ನು ವಿಚಾರಿಸಿಕೊಂಡೇ. ಕ್ಯಾತನಹಳ್ಳಿಯವರು ಬಂದರು, ಕೂತರು; ದೊಡ್ಡವರ ಕಛೇರಿ, ಕೂಗಬೇಡಿ ಎಂದು ನಾನು ಮುಂಚೆಯೇ ಹೇಳಿಟ್ಟಿದ್ದರಿಂದ ಮರೀಗೌಡರು ಬಾಯಿ ಬಿಗಿಹಿಡಿದುಕೊಂಡಿದ್ದರು. ಜವರೇಗೌಡರು ಮೊದಲ ಸಾಲಿನಲ್ಲಿ, ಇಸ್ತ್ರಿ ಮಾಡಿದ ಶಲ್ಯ ಹೊದ್ದು, ವೈಣಿಕರ ಬೆರಳುಗಳಿಂದ ಕಣ್ಣು ಕೀಳದೆ ಕೂತಿದ್ದರು. ಅವರು ತಗಡಿನ ಆಚೆ ನಿಂತು ಕೇಳುತ್ತಿದ್ದ ರಾಗವೇ ಬಂತು. ಅದು ಮುಗಿದಾಗ ಅವರು ಎದ್ದು ನಿಂತು, ಕೈ ಮೇಲೆತ್ತಿ, "ಒನ್ಸ್ ಮೋರ್" ಎಂದರು.

ವೈಣಿಕರು ಇನ್ನೊಮ್ಮೆ ನುಡಿಸಿದರು.